ಹುಡುಗನ ಪಕ್ಕದಲ್ಲಿ ಯಾರಿದ್ದರು?

1983ರ ನವೆಂಬರ್ 5ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ತಂಡ ಸಂಡರ್‌ಲ್ಯಾಂಡ್ ವಿರುದ್ಧ ಹದಿನೇಳರ ಹುಡುಗನೊಬ್ಬನನ್ನು ಸೆಂಟರ್ ಬ್ಯಾಕ್ ಜಾಗದಲ್ಲಿ ಆಡಿಸಿತು, ಸೋತಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಮೂರನೇ ಡಿವಿಷನ್ನಿನ ವಾಲ್ಸಾಲ್ ತಂಡ ಅದೇ ಮೈದಾನಕ್ಕೆ ಬಂದು ಲೀಗ್ ಕಪ್ಪಿನಲ್ಲಿ ಆರ್ಸೆನಲ್ಲನ್ನು ಮಣಿಸಿ ಹೋಯಿತು. ಅಭಿಮಾನಿಗಳ ತಾಳ್ಮೆ ಅಲ್ಲಿಗೆ ಕಟ್ಟೆಯೊಡೆಯಿತು. ಡಿಸೆಂಬರ್ ನಡುವಿನಲ್ಲಿ ಮ್ಯಾನೇಜರ್ ಟೆರಿ ನೀಲ್ ಕೆಲಸ ಕಳೆದುಕೊಂಡರು. ಅವರು ಕಣಕ್ಕಿಳಿಸಿದ್ದ ಹುಡುಗ ಮಾತ್ರ ಅಲ್ಲೇ ಉಳಿದ. ಟೋನಿ ಆಡಮ್ಸ್ 2002ರವರೆಗೆ ಬೇರೆ ಯಾವ ಕ್ಲಬ್ಬಿಗೂ ಆಡದೆ, ನಾಲ್ಕು ಲೀಗ್ ಪ್ರಶಸ್ತಿ ಗೆದ್ದು, ಆರ್ಸೆನಲ್ಲಿನ ನಾಯಕನಾಗಿಯೇ ಬೂಟು ಬಿಚ್ಚಿಟ್ಟರು.

ಸೋಲುತ್ತಿರುವ ತಂಡದ ಅಭಿಮಾನಿಗಳು ಕೂತಲ್ಲಿ ನಿಂತಲ್ಲಿ ಜಗಳಾಡುವ ಎರಡು ಪ್ರಶ್ನೆಗಳು ಆ ಒಂದೂವರೆ ತಿಂಗಳಲ್ಲೇ ಇವೆ. ಮ್ಯಾನೇಜರನ್ನು ಕಳಿಸಬೇಕೆ, ಇನ್ನಷ್ಟು ದಿನ ಕೊಡಬೇಕೆ? ಹಿಂಬದಿಯಲ್ಲಿ ಆಡುತ್ತಿರುವ ಎಳೆಯರು ಈ ಮಟ್ಟಕ್ಕೆ ತಕ್ಕವರೇ, ಅಲ್ಲವೇ? ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ವಾದಗಳಂತೆ ಆಡುತ್ತಾರೆ. ಒಬ್ಬ ಮ್ಯಾನೇಜರನ್ನು ಬೈಯುತ್ತಾನೆ, ಇನ್ನೊಬ್ಬ ಹುಡುಗನನ್ನು ಬೈಯುತ್ತಾನೆ, ಮೂರನೆಯವನು ಮಾಲೀಕರನ್ನು. ನಲವತ್ತು ವರ್ಷಗಳ ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ಇದು ಒಂದೇ ಪ್ರಶ್ನೆ. ಎಳೆಯ ಡಿಫೆಂಡರ್‌ನ ತಪ್ಪನ್ನು ಅಳೆಯುವ ಮೊದಲು ಅವನ ಪಕ್ಕದಲ್ಲಿ ಯಾರನ್ನು ನಿಲ್ಲಿಸಿದ್ದರು, ಮುಂದೆ ಯಾರನ್ನು ನಿಲ್ಲಿಸಿದ್ದರು ಎಂದು ನೋಡಬೇಕು. ಮ್ಯಾನೇಜರನ್ನು ಅಳೆಯಲೂ ಅಂಕಪಟ್ಟಿಗಿಂತ ಇದೇ ಒಳ್ಳೆಯ ಅಳತೆ.

ಮೊದಲು ಆ ಜಾಗದ ಕಷ್ಟವನ್ನು ಹೇಳಬೇಕು. ಹದಿನೆಂಟರ ವಿಂಗರ್ ಹತ್ತು ಸಲ ಚೆಂಡು ಕಳೆದುಕೊಂಡು ಹನ್ನೊಂದನೆಯ ಸಲ ಗೋಲು ಹೊಡೆಸಿದರೆ ಮರುದಿನದ ಪತ್ರಿಕೆಯಲ್ಲಿ ಅವನದೇ ಚಿತ್ರ. ಹದಿನೆಂಟರ ಸೆಂಟರ್ ಬ್ಯಾಕ್ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದು ಕ್ಷಣ ಚೆಂಡನ್ನಷ್ಟೇ ನೋಡುತ್ತ ಸ್ಟ್ರೈಕರ್‌ನನ್ನು ಬಿಟ್ಟರೆ, ನೆನಪಿನಲ್ಲಿ ಉಳಿಯುವುದು ಆ ಒಂದು ಕ್ಷಣ. ಅವನು ಕಲಿಯಬೇಕಾದುದರಲ್ಲಿ ಬಹುಪಾಲು ಕಾಲಿನ ವಿದ್ಯೆಯೂ ಅಲ್ಲ. ಆಫ್‌ಸೈಡ್ ಗೆರೆಯನ್ನು ಯಾವಾಗ ಮುಂದಕ್ಕೆ ಒಯ್ಯಬೇಕು, ಯಾವಾಗ ಹಿಂದೆ ಸರಿಯಬೇಕು. ಕ್ರಾಸ್ ಬರುವಾಗ ಬೆನ್ನ ಹಿಂದಿರುವವನನ್ನು ಹೇಗೆ ಗಮನದಲ್ಲಿಡಬೇಕು. ಯಾವ ಹೋರಾಟಕ್ಕೆ ಇಳಿಯಬೇಕು, ಯಾವುದನ್ನು ಪಕ್ಕದವನಿಗೆ ಬಿಡಬೇಕು. ಇವನ್ನು ಅಭ್ಯಾಸದಲ್ಲಿ ಅರ್ಧ ಕಲಿಸಬಹುದು, ಉಳಿದರ್ಧ ಪಂದ್ಯದಲ್ಲೇ ಬರಬೇಕು. ಹಾಗಾಗಿಯೇ ಸ್ಟ್ರೈಕರ್‌ಗಳಿಗಿಂತ ತಡವಾಗಿ ಸೆಂಟರ್ ಬ್ಯಾಕ್‌ಗಳು ಪಕ್ವವಾಗುತ್ತಾರೆ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೇ ನೊಗಕ್ಕೆ ಕಟ್ಟಬೇಕೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ; ಫುಟ್‌ಬಾಲ್ ಕ್ಲಬ್‌ಗಳಿಗೆ ಅದನ್ನು ಪ್ರತಿ ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಹೇಳಬೇಕಾಗುತ್ತದೆ.

ಆಡಮ್ಸ್ ಬೆಳೆದದ್ದು ಡೇವಿಡ್ ಓಲೀರಿಯ ಪಕ್ಕದಲ್ಲಿ. ಆರ್ಸೆನಲ್ ಪರ ಅತಿ ಹೆಚ್ಚು ಪಂದ್ಯಗಳನ್ನಾಡಿದ ದಾಖಲೆ ಇಂದಿಗೂ ಓಲೀರಿಯದೇ, 722. ಪೌಲೊ ಮಾಲ್ಡೀನಿ 1985ರ ಜನವರಿಯಲ್ಲಿ ಹದಿನಾರನೇ ವಯಸ್ಸಿಗೆ ಮಿಲಾನ್ ಪರ ಆಡಿದಾಗ ಆ ತಂಡದ ಹಿಂಬದಿಗೆ ಒಡೆಯನಂತಿದ್ದವರು ಫ್ರಾಂಕೊ ಬರೇಸಿ. ಎಳೆಯರನ್ನು ನಂಬಿ ಗೆದ್ದ ತಂಡ ಎಂದರೆ ಎಲ್ಲರ ಬಾಯಲ್ಲೂ ಬರುವುದು 1995–96ರ ಮ್ಯಾಂಚೆಸ್ಟರ್ ಯುನೈಟೆಡ್. ಋತುವಿನ ಮೊದಲ ಪಂದ್ಯದಲ್ಲಿ ಆಸ್ಟನ್ ವಿಲ್ಲಾ ಎದುರು 3–1ರಿಂದ ಸೋತ ರಾತ್ರಿ, ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದು ಟಿವಿಯಲ್ಲಿ ಅಲನ್ ಹ್ಯಾನ್ಸನ್ ಹೇಳಿದ್ದರು. ಆ ತಂಡ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು, ಹ್ಯಾನ್ಸನ್ ಮಾತು ಇಂದಿಗೂ ಗಾದೆಯಂತೆ ಓಡಾಡುತ್ತಿದೆ. ಆದರೆ ಆ ಗಾದೆಯಲ್ಲಿ ಒಂದು ಸಂಗತಿ ಮರೆಯಾಗಿದೆ. ಬೆಕ್‌ಹ್ಯಾಮ್, ಸ್ಕೋಲ್ಸ್, ಬಟ್ ಎಲ್ಲ ಮುಂದಿನವರು. ಹಿಂಬದಿಯಲ್ಲಿ ನೆವಿಲ್ ಸಹೋದರರು ಇದ್ದದ್ದು ನಿಜ, ಆದರೆ ಅವರ ಜೊತೆ ಪ್ಯಾಲಿಸ್ಟರ್, ಬ್ರೂಸ್, ಅರ್ವಿನ್ ಇದ್ದರು, ಮುಂದೆ ರಾಯ್ ಕೀನ್ ಇದ್ದರು, ಹಿಂದೆ ಗೋಲಿನಲ್ಲಿ ಷ್ಮೈಕಲ್ ಇದ್ದರು. ಹುಡುಗರನ್ನು ನಂಬಿದ್ದು ಮ್ಯಾನೇಜರ್ ಫರ್ಗ್ಯೂಸನ್‌ರ ಧೈರ್ಯ. ಅವರನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿದದ್ದು ಅವರ ವಿವೇಕ. ಧೈರ್ಯದ ಕತೆಯನ್ನಷ್ಟೇ ನೆನಪಿಟ್ಟುಕೊಂಡವರು ಬೇರೆ ತಂಡಗಳಿಗೆ ಅದನ್ನು ಅನ್ವಯಿಸಲು ಹೋಗಿ ಎಡವುತ್ತಾರೆ.

ಎಡವುವುದು ಹೇಗಿರುತ್ತದೆ ಎಂಬುದಕ್ಕೆ 2011ರ ಆಗಸ್ಟ್ 28 ಸಾಕು. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 8, ಆರ್ಸೆನಲ್ 2. ಆರ್ಸೆನ್ ವೆಂಗರ್ ಆ ದಿನ ರೈಟ್ ಬ್ಯಾಕ್ ಆಗಿ ಆಡಿಸಿದ್ದು ಹತ್ತೊಂಬತ್ತರ ಕಾರ್ಲ್ ಜೆಂಕಿನ್ಸನ್‌ನನ್ನು. ಎರಡು ತಿಂಗಳ ಹಿಂದಷ್ಟೇ ಚಾರ್ಲ್‌ಟನ್‌ನಿಂದ ಬಂದಿದ್ದ ಹುಡುಗ, ಬಾಲ್ಯದಿಂದಲೂ ಆರ್ಸೆನಲ್ ಅಭಿಮಾನಿ. ಅವನ ಮುಂದೆ ಮಿಡ್‌ಫೀಲ್ಡಿನಲ್ಲಿ ಅಂದೇ ಲೀಗ್‌ಗೆ ಕಾಲಿಟ್ಟ ಇಪ್ಪತ್ತರ ಫ್ರಾನ್ಸಿಸ್ ಕೊಕ್ಲಾಂ. ಥಾಮಸ್ ವರ್ಮಾಲೆನ್ ಗಾಯಗೊಂಡಿದ್ದರು. ಆ ತಿಂಗಳಲ್ಲೇ ಫ್ಯಾಬ್ರೆಗಾಸ್ ಬಾರ್ಸಿಲೋನಾಕ್ಕೂ ನಸ್ರಿ ಮ್ಯಾಂಚೆಸ್ಟರ್ ಸಿಟಿಗೂ ಹೋಗಿ, ಅವರ ಜಾಗಗಳು ಖಾಲಿ ಬಿದ್ದಿದ್ದವು. ಜೆಂಕಿನ್ಸನ್ ಕೆಂಪು ಕಾರ್ಡ್ ಪಡೆದು ಹೊರನಡೆದ. ಆ ವಾರವೆಲ್ಲ ಅವನ ಬಗ್ಗೆ ಆಡಿದ ಮಾತುಗಳಲ್ಲಿ ಎಷ್ಟೋ ಅನ್ಯಾಯದವು. ಮುಂದೆ ಅವನು ಇಂಗ್ಲೆಂಡ್ ಪರ ಒಂದು ಪಂದ್ಯವಾಡಿದ, ಕ್ಲಬ್‌ನಿಂದ ಕ್ಲಬ್ಬಿಗೆ ಎರವಲು ಹೋದ. ಆದರೂ ಅವನ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಆ ಒಂದು ಮಧ್ಯಾಹ್ನ.

ಆದರೆ ಕ್ಲಬ್ಬಿನ ಮೇಲೆ ಅಭಿಮಾನಿಗಳಿಗಿದ್ದ ಸಿಟ್ಟು ಸರಿಯಾಗಿಯೇ ಇತ್ತು ಎಂಬುದನ್ನೂ ಹೇಳಬೇಕು. ತಂಡ ಕಟ್ಟುವ ಹೊತ್ತಿನಲ್ಲಿ ಕ್ಲಬ್ ಕೈಕಟ್ಟಿ ಕೂತಿತ್ತು. ಸೋತ ಕೆಲವೇ ದಿನಗಳಲ್ಲಿ ಪೇರ್ ಮೆರ್ಟೆಸಾಕರ್, ಮಿಕೆಲ್ ಆರ್ಟೆಟಾ, ಆಂಡ್ರೆ ಸಾಂಟೋಸ್, ಯೋಸಿ ಬೆನಾಯೂನ್ ಬಂದರು. ಜರ್ಮನಿಯ ರಾಷ್ಟ್ರೀಯ ತಂಡದ ಡಿಫೆಂಡರ್ ಮತ್ತು ಸ್ಥಿರಚಿತ್ತದ ಮಿಡ್‌ಫೀಲ್ಡರ್: ಬೇಕಾಗಿದ್ದದ್ದು ಇವೇ ಎರಡು. ಅದೇ ಮ್ಯಾನೇಜರ್, ಅದೇ ಋತು, ಆರ್ಸೆನಲ್ ಮೂರನೇ ಸ್ಥಾನಕ್ಕೆ ಬಂತು. ವೆಂಗರ್ 2018ರವರೆಗೆ ಇದ್ದರು, ಮೂರು ಎಫ್‌ಎ ಕಪ್ ಗೆದ್ದರು, ಅವರನ್ನು ಹೊರಹಾಕಿ ಎಂಬ ಬ್ಯಾನರುಗಳೂ ಕೊನೆಯವರೆಗೆ ಹಾರಾಡಿದವು.

ಈಗ ಲಿವರ್‌ಪೂಲ್. ಈ ಇಡೀ ವಾದಕ್ಕೆ 2020–21ರ ಲಿವರ್‌ಪೂಲಿಗಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಚಾಂಪಿಯನ್ನರಾಗಿ ಋತು ಆರಂಭಿಸಿದ ತಂಡ ಅಕ್ಟೋಬರ್‌ನಲ್ಲಿ ಎವರ್ಟನ್ ವಿರುದ್ಧದ ಪಂದ್ಯದಲ್ಲಿ ವರ್ಜಿಲ್ ವಾನ್ ಡೈಕ್‌ರನ್ನು ಕಳೆದುಕೊಂಡಿತು, ಮೊಣಕಾಲಿನ ಗಾಯ. ನವೆಂಬರ್‌ನಲ್ಲಿ ಜೋ ಗೊಮೆಜ್ ಹೋದರು. ಹೊಸ ವರ್ಷದಲ್ಲಿ ಜೋಯಲ್ ಮಟಿಪ್. ಉಳಿದವರಲ್ಲಿ ಒಬ್ಬ ರೀಸ್ ವಿಲಿಯಮ್ಸ್. ಹಿಂದಿನ ವರ್ಷ ಇಂಗ್ಲೆಂಡಿನ ಆರನೇ ಹಂತದ ಕಿಡರ್‌ಮಿನ್ಸ್ಟರ್ ಹ್ಯಾರಿಯರ್ಸ್ ಪರ ಎರವಲು ಆಡಿದ್ದ ಹುಡುಗ. ಇನ್ನೊಬ್ಬ ನ್ಯಾಟ್ ಫಿಲಿಪ್ಸ್, ಹುಡುಗನೆನ್ನುವ ವಯಸ್ಸಲ್ಲ, ಆದರೆ ಮೊದಲ ತಂಡಕ್ಕೆ ಆಡಿದ ಅನುಭವ ಬೆರಳೆಣಿಕೆಯದು.

ಇವರಿಬ್ಬರ ಮೇಲೆ ಭಾರ ಹಾಕಲು ಯೂರ್ಗನ್ ಕ್ಲಾಪ್ ಮೊದಲು ಹಿಂಜರಿದರು. ಆ ಕಾಲದ ಅತ್ಯುತ್ತಮ ರಕ್ಷಣಾತ್ಮಕ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರಾದ ಫಾಬಿನ್ಯೊರನ್ನು ಸೆಂಟರ್ ಬ್ಯಾಕ್ ಮಾಡಿದರು, ಕೆಲವೊಮ್ಮೆ ನಾಯಕ ಹೆಂಡರ್ಸನ್‌ರನ್ನೂ. ಹಿಂಬದಿಗೆ ಅನುಭವ ಬಂತು, ನಡುವೆ ತೂತು ಬಿತ್ತು. 68 ಲೀಗ್ ಪಂದ್ಯಗಳಲ್ಲಿ ಸೋಲು ಕಾಣದ ಆನ್‌ಫೀಲ್ಡ್ ಅಂಗಳದಲ್ಲಿ ಜನವರಿ 21ರಂದು ಬರ್ನ್‌ಲಿ ಗೆದ್ದಿತು. ಆಮೇಲೆ ಬ್ರೈಟನ್, ಮ್ಯಾಂಚೆಸ್ಟರ್ ಸಿಟಿ, ಎವರ್ಟನ್, ಚೆಲ್ಸಿ, ಫುಲ್‌ಹ್ಯಾಮ್. ತವರಿನಲ್ಲಿ ಸತತ ಆರು ಸೋಲು, ಕ್ಲಬ್ಬಿನ ಇತಿಹಾಸದಲ್ಲೇ ಇಲ್ಲದ್ದು. ಕೋವಿಡ್‌ನಿಂದಾಗಿ ಗ್ಯಾಲರಿಗಳು ಖಾಲಿಯಿದ್ದವು. ತುಂಬಿದ್ದರೂ ಕ್ಲಾಪ್ ವಿರುದ್ಧ ಕೂಗು ಏಳುತ್ತಿರಲಿಲ್ಲವೆಂದೇ ನನ್ನ ನಂಬಿಕೆ, ಏಕೆಂದರೆ ಹಿಂದಿನೆರಡು ವರ್ಷಗಳಲ್ಲಿ ಅವರು ಯುರೋಪಿನ ಕಪ್ಪನ್ನೂ ಮೂವತ್ತು ವರ್ಷ ಕಾದ ಲೀಗ್ ಪ್ರಶಸ್ತಿಯನ್ನೂ ತಂದಿದ್ದರು.

ಮಾರ್ಚ್ ಎರಡನೇ ವಾರದಲ್ಲಿ ಕ್ಲಾಪ್ ಫಾಬಿನ್ಯೊರನ್ನು ಮತ್ತೆ ಮಿಡ್‌ಫೀಲ್ಡಿಗೆ ತಂದರು. ಹಿಂದೆ ಫಿಲಿಪ್ಸ್, ಅವರ ಜೊತೆಗೆ ಮೊದಲು ಎರವಲು ಬಂದಿದ್ದ ಇಪ್ಪತ್ತರ ಒಜಾನ್ ಕಬಾಕ್, ಕೊನೆಯ ಪಂದ್ಯಗಳಲ್ಲಿ ವಿಲಿಯಮ್ಸ್. ಮೇಲ್ನೋಟಕ್ಕೆ ಇದು ಹಿಂಬದಿಯನ್ನು ಇನ್ನಷ್ಟು ದುರ್ಬಲಗೊಳಿಸಿದ ನಿರ್ಧಾರ. ಆದರೆ ಹುಡುಗರ ಮುಂದೆ ಈಗ ಒಂದು ಗೋಡೆ ಇತ್ತು. ಎದುರಾಳಿಯ ದಾಳಿ ಅವರವರೆಗೆ ತಲುಪುವಷ್ಟರಲ್ಲಿ ಅದರ ಓಟ ಕುಗ್ಗಿರುತ್ತಿತ್ತು. ಕೊನೆಯ ಹತ್ತು ಲೀಗ್ ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ, ಒಂದೂ ಸೋಲಿಲ್ಲ. ಫಿಲಿಪ್ಸ್ ಮತ್ತು ವಿಲಿಯಮ್ಸ್ ಜೋಡಿ ಓಲ್ಡ್ ಟ್ರಾಫರ್ಡ್‌ನಲ್ಲಿ 4–2ರ ಗೆಲುವಿನಲ್ಲಿ ಆಡಿತು. ಬರ್ನ್‌ಲಿಯಲ್ಲಿ ಫಿಲಿಪ್ಸ್ ತಲೆಕೊಟ್ಟು ಗೋಲನ್ನೂ ಹೊಡೆದರು. ತಂಡ 69 ಅಂಕಗಳೊಂದಿಗೆ ಮೂರನೇ ಸ್ಥಾನಕ್ಕೇರಿತು. ಮುಂದಿನ ಋತುವಿನಲ್ಲಿ ವಾನ್ ಡೈಕ್ ಮರಳಿದರು. ಫಿಲಿಪ್ಸ್ ಆಗಲಿ ವಿಲಿಯಮ್ಸ್ ಆಗಲಿ ಅಲ್ಲಿ ನೆಲೆಯೂರಲಿಲ್ಲ. ಅಂದರೆ ಅವರು ಮಹಾ ಆಟಗಾರರಲ್ಲ. ಮಾರ್ಚ್ ಮೊದಲ ವಾರದಲ್ಲೂ ಅಲ್ಲ, ಮೇ ತಿಂಗಳಲ್ಲೂ ಅಲ್ಲ. ಬದಲಾದದ್ದು ಅವರ ಸುತ್ತಲಿನವರು.

ಮ್ಯಾನೇಜರನ್ನು ಬದಲಿಸಿದರೆ ತಂಡ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ನೆದರ್ಲೆಂಡ್ಸ್ ಲೀಗಿನ ಅನೇಕ ವರ್ಷಗಳ ಫಲಿತಾಂಶಗಳನ್ನಿಟ್ಟುಕೊಂಡು ಪರೀಕ್ಷಿಸಿದ್ದಾರೆ. ಸೋಲಿನ ಸರಣಿಯ ನಂತರ ಮ್ಯಾನೇಜರನ್ನು ಕಳಿಸಿದ ತಂಡಗಳು ಚೇತರಿಸಿಕೊಂಡವು, ನಿಜ. ಅಂಥದ್ದೇ ಸರಣಿಯ ನಂತರ ಯಾರನ್ನೂ ಕಳಿಸದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಗಾಯಗೊಂಡವರು ಮರಳುತ್ತಾರೆ, ಕಠಿಣ ಎದುರಾಳಿಗಳ ಸರದಿ ಮುಗಿಯುತ್ತದೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಒಳಗೆ ಹೋಗುತ್ತದೆ. ಹೊಸಬರು ಬಂದಿದ್ದರೆ ಆ ಕೀರ್ತಿ ಅವರಿಗೆ. ಇದನ್ನು ಓದಿ ಯಾರನ್ನೂ ಎಂದೂ ಕಳಿಸಬಾರದು ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಕೆಲವರು ಹೋಗಲೇಬೇಕು. ಯಾರು ಹೋಗಬೇಕು ಎಂಬುದನ್ನು ಸೋಲುಗಳ ಎಣಿಕೆ ಹೇಳುವುದಿಲ್ಲ, ಅಷ್ಟೇ.

1989ರ ಫರ್ಗ್ಯೂಸನ್‌ರನ್ನು ಎಣಿಕೆಯಿಂದ ಅಳೆದಿದ್ದರೆ ಅವರು ಉಳಿಯುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೇನ್ ರೋಡಿನಲ್ಲಿ ಸಿಟಿ ಎದುರು 5–1ರ ಸೋಲು. ಡಿಸೆಂಬರ್ 9ರಂದು ಕ್ರಿಸ್ಟಲ್ ಪ್ಯಾಲೆಸ್ ಎದುರು ತವರಿನಲ್ಲೇ ಸೋತ ದಿನ, ಮೂರು ವರ್ಷದ ನೆಪಗಳು ಸಾಕು, ಹೊರಡಿ ಎನ್ನುವ ಬ್ಯಾನರು ಮೇಲೆದ್ದಿತು. ಆ ಬೇಸಿಗೆಯಲ್ಲಿ 23 ಲಕ್ಷ ಪೌಂಡ್ ಕೊಟ್ಟು ತಂದ ಗ್ಯಾರಿ ಪ್ಯಾಲಿಸ್ಟರ್, ಆಗ ಬ್ರಿಟನ್ನಿನ ಅತಿ ದುಬಾರಿ ಡಿಫೆಂಡರ್, ಮೊದಲ ತಿಂಗಳುಗಳಲ್ಲಿ ತಡವರಿಸುತ್ತಿದ್ದರು. ಲೀಗಿನಲ್ಲಿ ತಂಡ ಮುಗಿಸಿದ್ದು 13ನೇ ಸ್ಥಾನದಲ್ಲಿ. ಎಫ್‌ಎ ಕಪ್ ಉಳಿಸಿತು ಎನ್ನುತ್ತಾರೆ, ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಮಾರ್ಕ್ ರಾಬಿನ್ಸ್ ಹೊಡೆದ ಗೋಲನ್ನು ಎಲ್ಲರೂ ನೆನೆಯುತ್ತಾರೆ. ಫೈನಲ್‌ನ ಗೋಲನ್ನು ಅಷ್ಟು ಜನ ನೆನೆಯುವುದಿಲ್ಲ. ಎದುರಾಳಿ ಅದೇ ಕ್ರಿಸ್ಟಲ್ ಪ್ಯಾಲೆಸ್. ಮೊದಲ ಪಂದ್ಯ 3–3. ಮೇ 17ರ ಮರುಪಂದ್ಯದಲ್ಲಿ ಒಂದೇ ಗೋಲು, ಅದನ್ನು ಹೊಡೆದದ್ದು ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೆ ಬಂದ ಇಪ್ಪತ್ತೆರಡರ ಲೆಫ್ಟ್ ಬ್ಯಾಕ್ ಲೀ ಮಾರ್ಟಿನ್. ಯುನೈಟೆಡ್ ಪರ ಅವರ ಒಟ್ಟು ಗೋಲುಗಳು ಎರಡೇ. ಯುನೈಟೆಡ್‌ನಲ್ಲಿ ಫರ್ಗ್ಯೂಸನ್‌ರ ಮೊದಲ ಟ್ರೋಫಿ ಒಬ್ಬ ಎಳೆಯ ಡಿಫೆಂಡರ್‌ನ ಕಾಲಿನಿಂದ ಬಂತು. ಪ್ಯಾಲಿಸ್ಟರ್ ವಿಷಯಕ್ಕೆ ಬಂದರೆ, ಸ್ಟೀವ್ ಬ್ರೂಸ್ ಪಕ್ಕದಲ್ಲಿ ನಿಂತು 1992ರ ಹೊತ್ತಿಗೆ ಸಹ ಆಟಗಾರರೇ ಮತ ಹಾಕಿ ಆರಿಸುವ ವರ್ಷದ ಆಟಗಾರ ಪ್ರಶಸ್ತಿ ಪಡೆದರು.

ಆಡಳಿತ ಮಂಡಳಿ ತಾಳ್ಮೆ ತೋರಿಸಿತು, ಫಲ ಬಂತು ಎಂದು ಇದನ್ನು ಹೇಳುವುದು ವಾಡಿಕೆ. ಬರೀ ತಾಳ್ಮೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಕೈಯಲ್ಲಿ ಯೋಜನೆ ಇಲ್ಲದವನಿಗೆ ಕೊಟ್ಟ ಕಾಲ ವ್ಯರ್ಥ. ಫರ್ಗ್ಯೂಸನ್‌ರ ವಿಷಯದಲ್ಲಿ ಬ್ಯಾನರು ಹಿಡಿದವರಿಗೆ ಕಾಣದಿದ್ದರೂ ಜೋಡಿ ಕೂಡಿಸುವ ಕೆಲಸ ನಡೆದಿತ್ತು.

2011ರಲ್ಲಿ ಮಿಡ್‌ಫೀಲ್ಡರ್ ಆಗಿ ಬಂದಿದ್ದ ಆರ್ಟೆಟಾ ಮುಂದೆ ಆರ್ಸೆನಲ್‌ನ ಮ್ಯಾನೇಜರ್ ಆದಾಗ ಈ ಪ್ರಶ್ನೆ ಇನ್ನೂ ತೊಡಕಿನದಾಯಿತು. 2020ರ ಡಿಸೆಂಬರ್ 19ರಂದು ಎವರ್ಟನ್ ಎದುರು ಸೋತಾಗ ತಂಡ 14 ಪಂದ್ಯಗಳಿಂದ 14 ಅಂಕ ಗಳಿಸಿ 15ನೇ ಸ್ಥಾನದಲ್ಲಿತ್ತು. 2021ರ ಆಗಸ್ಟ್‌ನಲ್ಲಿ ಮೊದಲ ಮೂರು ಪಂದ್ಯಗಳನ್ನೂ ಸೋತು, ಒಂದೂ ಗೋಲು ಹೊಡೆಯದೆ, ಒಂಬತ್ತು ಬಿಟ್ಟುಕೊಟ್ಟು, ಪಟ್ಟಿಯ ಕಟ್ಟಕಡೆಗೆ ಇಳಿಯಿತು. ಅದೇ ಹೊತ್ತಿನಲ್ಲಿ ಕ್ಲಬ್ ಸುಮಾರು 2.7 ಕೋಟಿ ಪೌಂಡ್ ಕೊಟ್ಟು 2019ರಲ್ಲಿ ಕೊಂಡಿದ್ದ ಫ್ರೆಂಚ್ ಸೆಂಟರ್ ಬ್ಯಾಕ್ ವಿಲಿಯಂ ಸಲಿಬಾ ಆರ್ಸೆನಲ್ ಪರ ಒಂದು ಲೀಗ್ ಪಂದ್ಯವನ್ನೂ ಆಡದೆ ಫ್ರಾನ್ಸಿನಲ್ಲಿದ್ದರು. ಮೊದಲು ಸೇಂತ್ ಎತಿಯೆನ್, ಆಮೇಲೆ ನೀಸ್, ಆಮೇಲೆ ಮಾರ್ಸೇ. ಸೋಲುತ್ತಿರುವ ತಂಡ, ಮನೆಯಲ್ಲಿ ಡಿಫೆಂಡರ್‌ಗಳ ಕೊರತೆ, ಒಳ್ಳೆಯ ಹುಡುಗ ಹೊರಗೆ: ಅಭಿಮಾನಿಗಳಿಗೆ ಇದು ಅರ್ಥವಾಗಲಿಲ್ಲ. ಮ್ಯಾನೇಜರ್ ಹುಡುಗನನ್ನು ಹಾಳುಮಾಡುತ್ತಿದ್ದಾರೆ ಎಂದವರು ಬಹಳ ಜನ.

ಅವರ ಆತಂಕ ಸುಳ್ಳಲ್ಲ. ಎರವಲು ಹೋಗಿ ಕಳೆದುಹೋದ ಹುಡುಗರ ಪಟ್ಟಿ ಪ್ರತಿ ದೊಡ್ಡ ಕ್ಲಬ್ಬಿನಲ್ಲೂ ಉದ್ದವಿದೆ. ಸಲಿಬಾ ವಿಷಯದಲ್ಲಿ ಆದದ್ದು ಬೇರೆ. ಮಾರ್ಸೇಯಲ್ಲಿ ಒಂದು ಇಡೀ ಋತು ಆಡಿ ಫ್ರೆಂಚ್ ಲೀಗಿನ ವರ್ಷದ ಯುವ ಆಟಗಾರನಾದರು. ಅಷ್ಟರಲ್ಲಿ ಆರ್ಸೆನಲ್‌ನಲ್ಲಿ ಗೇಬ್ರಿಯಲ್ ಎರಡು ಋತು ಆಡಿ ಗಟ್ಟಿಯಾಗಿದ್ದರು, ಬೆನ್ ವೈಟ್ ಬಂದಿದ್ದರು, ಗೋಲಿನಲ್ಲಿ ರ್‍ಯಾಮ್ಸ್‌ಡೇಲ್ ಇದ್ದರು. 2022ರ ಆಗಸ್ಟ್ 5ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಸಲಿಬಾ ಮೊದಲ ಪಂದ್ಯ ಆಡಿದಾಗ ಪಕ್ಕದಲ್ಲಿ ನಿಲ್ಲುವವರು ಸಿದ್ಧವಾಗಿದ್ದರು. 2020ರ ಆ ಚಳಿಗಾಲದಲ್ಲಿ ಆಡಿಸಿದ್ದರೆ ಏನಾಗುತ್ತಿತ್ತು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ನನ್ನ ಅನಿಸಿಕೆಯಲ್ಲಿ ಅವರೂ ಇನ್ನೊಬ್ಬ ಜೆಂಕಿನ್ಸನ್ ಆಗುವ ಅಪಾಯವಿತ್ತು.

ಅನುಭವವೊಂದೇ ಮದ್ದಲ್ಲ ಎಂಬುದನ್ನೂ ಅದೇ ಋತು ತೋರಿಸಿತು. 2023ರ ಮಾರ್ಚ್‌ನಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ವಿರುದ್ಧ ಸಲಿಬಾ ಬೆನ್ನಿಗೆ ಪೆಟ್ಟಾಯಿತು. ಅವರ ಜಾಗಕ್ಕೆ ಬಂದ ರಾಬ್ ಹೋಲ್ಡಿಂಗ್ ವಯಸ್ಸಿನಲ್ಲೂ ಪಂದ್ಯಗಳಲ್ಲೂ ಹಿರಿಯರು, ಪ್ರಾಮಾಣಿಕ ಆಟಗಾರ, ಆದರೆ ಆ ವೇಗ ಅವರಲ್ಲಿರಲಿಲ್ಲ. ಗೆರೆ ಕೆಲವು ಗಜ ಹಿಂದೆ ಸರಿಯಿತು, ಇಡೀ ತಂಡದ ಆಟ ಅದರೊಂದಿಗೆ ಹಿಂದೆ ಸರಿಯಿತು. ಏಪ್ರಿಲ್‌ನಲ್ಲಿ ಲಿವರ್‌ಪೂಲ್, ವೆಸ್ಟ್ ಹ್ಯಾಮ್, ಸೌತಾಂಪ್ಟನ್ ಎದುರು ಸತತ ಮೂರು ಡ್ರಾ, ಆಮೇಲೆ ಸಿಟಿ ಎದುರು 4–1ರ ಸೋಲು. 248 ದಿನ ಪಟ್ಟಿಯ ತುದಿಯಲ್ಲಿದ್ದ ತಂಡ ಎರಡನೆಯದಾಯಿತು. ಮರುವರ್ಷ ಸಲಿಬಾ ಮತ್ತು ಗೇಬ್ರಿಯಲ್ ಇಬ್ಬರೂ ಇದ್ದರು. 38 ಪಂದ್ಯಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟದ್ದು 29 ಗೋಲು.

ಮ್ಯಾಂಚೆಸ್ಟರ್ ಯುನೈಟೆಡ್‌ನ ಈಚಿನ ಋತುಗಳನ್ನು ಈ ಬೆಳಕಿನಲ್ಲಿ ನೋಡಿದರೆ ಜಗಳದ ಬಿಸಿ ಸ್ವಲ್ಪ ಇಳಿಯಬಹುದು. 2023–24ರಲ್ಲಿ ಎರಿಕ್ ಟೆನ್ ಹಾಗ್ ತಂಡ ಎಂಟನೇ ಸ್ಥಾನಕ್ಕಿಳಿಯಿತು, 58 ಗೋಲು ಬಿಟ್ಟುಕೊಟ್ಟಿತು. ಆ ಡಿಸೆಂಬರ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಹತ್ತೊಂಬತ್ತರ ವಿಲ್ಲಿ ಕಂಬ್ವಾಲಾ ಮೊದಲ ಪಂದ್ಯವಾಡಿದಾಗ ಜೊತೆಗಿದ್ದದ್ದು ಮೂವತ್ತೈದರ ಜಾನಿ ಇವಾನ್ಸ್. ಮೇ ತಿಂಗಳಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 4–0 ಸೋತ ದಿನ ಇವಾನ್ಸ್ ಪಕ್ಕದಲ್ಲಿ ಮಿಡ್‌ಫೀಲ್ಡರ್ ಕಾಸೆಮಿರೊ ನಿಂತಿದ್ದರು. ಮೂರು ವಾರವೂ ಆಗಿರಲಿಲ್ಲ, ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ಗೆ ರಾಫೆಲ್ ವರಾನ್ ಮತ್ತು ಲಿಸಾಂಡ್ರೊ ಮಾರ್ಟಿನೆಜ್ ಒಟ್ಟಿಗೆ ಇಳಿದರು. ಯುನೈಟೆಡ್ ಸಿಟಿಯನ್ನು 2–1ರಿಂದ ಸೋಲಿಸಿತು. ಗೋಲು ಹೊಡೆದವರು ಹತ್ತೊಂಬತ್ತರ ಗಾರ್ನಾಚೊ ಮತ್ತು ಮೈನೂ. ಒಂದು ಗೆಲುವನ್ನು ನೆಚ್ಚಿ ಮಂಡಳಿ ಟೆನ್ ಹಾಗ್ ಒಪ್ಪಂದವನ್ನು ಮುಂದುವರಿಸಿತು, ಅಕ್ಟೋಬರ್ 28ರಂದು ಕಳಿಸಿತು. ಇದಕ್ಕಿಂತ ಕೆಟ್ಟ ಹಾದಿ ಇಲ್ಲ. ಬೇಸಿಗೆಯಲ್ಲಿ ಒಬ್ಬರ ಇಷ್ಟದಂತೆ ಆಟಗಾರರನ್ನು ಕೊಂಡು, ಚಳಿಗಾಲದಲ್ಲಿ ಮೂರು ಸೆಂಟರ್ ಬ್ಯಾಕ್‌ಗಳ ಪದ್ಧತಿಯ ರುಬೆನ್ ಅಮೋರಿಂಗೆ ಅವರನ್ನು ಒಪ್ಪಿಸಿತು. ಲೀಲ್‌ನಿಂದ ಬಂದ ಹದಿನೆಂಟರ ಲೆನಿ ಯೊರೊ ಋತು ಶುರುವಾಗುವ ಮೊದಲೇ ಪಾದದ ಮೂಳೆ ಮುರಿದುಕೊಂಡು ಡಿಸೆಂಬರ್‌ನಲ್ಲಷ್ಟೇ ಲೀಗ್ ಕಂಡರು. ಫೆಬ್ರುವರಿಯಲ್ಲಿ ಮಾರ್ಟಿನೆಜ್ ಮೊಣಕಾಲಿನ ಗಾಯದಿಂದ ಹೊರಬಿದ್ದ ಮೇಲೆ ಆರ್ಸೆನಲ್‌ನಿಂದ ಆಗತಾನೇ ಬಂದ ಹದಿನೆಂಟರ ಏಡನ್ ಹೆವನ್‌ನನ್ನೂ ಇಳಿಸಬೇಕಾಯಿತು, ಮಾರ್ಚ್‌ನಲ್ಲಿ ಅವನೂ ಗಾಯಗೊಂಡ. 42 ಅಂಕ, 18 ಸೋಲು, 15ನೇ ಸ್ಥಾನ. ಆ ಹುಡುಗರಿಬ್ಬರೂ ಆಟ ಬಲ್ಲವರು. ಅವರ ಬಗ್ಗೆ ತೀರ್ಪು ಕೊಡಲು ಆ ಋತು ಯೋಗ್ಯ ಸಾಕ್ಷಿಯಲ್ಲ.

ಕೆಲಸ ಕಳೆದುಕೊಳ್ಳಲಿರುವ ಮ್ಯಾನೇಜರ್ ಹುಡುಗರಿಗೆ ಅವಕಾಶ ಕೊಡುವುದು ನೀಲ್ ಕಾಲಕ್ಕೆ ಮುಗಿದದ್ದಲ್ಲ. 2024ರ ಜನವರಿ 18ರಂದು ಬಾರ್ಸಿಲೋನಾದ ಕೋಚ್ ಚಾವಿ ಇನ್ನೂ ಹದಿನೇಳು ತುಂಬದ ಪೌ ಕುಬಾರ್ಸಿಯನ್ನು ಕಣಕ್ಕಿಳಿಸಿದರು. ಅದೇ ತಿಂಗಳ 27ರಂದು ವಿಯಾರೆಯಾಲ್ ಎದುರು 5–3 ಸೋತು, ಋತುವಿನ ಕೊನೆಗೆ ಹೊರಡುವುದಾಗಿ ಘೋಷಿಸಿದರು. ಮನಸ್ಸು ಬದಲಿಸಿದರೂ ಮೇ ತಿಂಗಳಲ್ಲಿ ಕ್ಲಬ್ ಅವರನ್ನು ಕಳಿಸಿತು. ಕುಬಾರ್ಸಿ ಮುಂದಿನ ವರ್ಷ ಹಾನ್ಸಿ ಫ್ಲಿಕ್ ಕೈಕೆಳಗೆ, ಮೂವತ್ತು ದಾಟಿದ ಇನ್ಯಿಗೊ ಮಾರ್ಟಿನೆಜ್ ಜೊತೆಗೂಡಿ, ಅಪಾಯಕಾರಿ ಎನಿಸುವಷ್ಟು ಮುಂದೆ ಗೆರೆ ಹಾಕಿ ಆಡಿ ಲೀಗ್ ಗೆದ್ದ.

ಇಷ್ಟರಲ್ಲಿ ಅಭಿಮಾನಿಯ ಪಾಲು ಏನು? ಟಿಕೆಟ್ಟಿಗೆ ದುಡ್ಡು ಕೊಟ್ಟವನಿಗೆ ಮ್ಯಾನೇಜರನ್ನು ಪ್ರಶ್ನಿಸುವ ಹಕ್ಕಿದೆ. ಮಾಲೀಕರನ್ನು ಪ್ರಶ್ನಿಸುವ ಹಕ್ಕು ಇನ್ನೂ ಹೆಚ್ಚಿದೆ. ಹುಡುಗನ ಮೇಲೆ ಎರಗುವುದು ಬೇರೆ. 1989ರ ಏಪ್ರಿಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಡಮ್ಸ್ ತಮ್ಮ ತಂಡಕ್ಕೊಂದು, ಎದುರಾಳಿಗೊಂದು ಗೋಲು ಹೊಡೆದಾಗ ಒಂದು ಪತ್ರಿಕೆ ಅವರ ಚಿತ್ರಕ್ಕೆ ಕತ್ತೆಯ ಕಿವಿ ಅಂಟಿಸಿತು. ಅಂದಿನಿಂದ ಎದುರಾಳಿ ಗ್ಯಾಲರಿಗಳು ವರ್ಷಗಟ್ಟಲೆ ಅವರನ್ನು ಕತ್ತೆಯೆಂದು ಕೂಗಿದವು. ಆ ಮೇ ತಿಂಗಳಲ್ಲೇ ಅವರು ಆನ್‌ಫೀಲ್ಡಿನಲ್ಲಿ ಲೀಗ್ ಪ್ರಶಸ್ತಿ ಎತ್ತಿದ್ದು, ಎರಡು ವರ್ಷ ಬಿಟ್ಟು ಅವರ ತಂಡ 38 ಪಂದ್ಯಗಳಲ್ಲಿ ಬರೀ 18 ಗೋಲು ಬಿಟ್ಟುಕೊಟ್ಟದ್ದು ಅವರ ಗಟ್ಟಿತನದಿಂದ. ಎಲ್ಲ ಹುಡುಗರೂ ಅಷ್ಟು ಗಟ್ಟಿಯಿರುವುದಿಲ್ಲ. ಸಲಿಬಾ ಎಮಿರೇಟ್ಸ್‌ನಲ್ಲಿ ಮೊದಲ ಲೀಗ್ ಪಂದ್ಯವಾಡಿದ ದಿನ, ಲೆಸ್ಟರ್ ವಿರುದ್ಧ, ತಮ್ಮದೇ ಗೋಲಿಗೆ ತಲೆಯಿಂದ ಚೆಂಡು ಹಾಕಿದರು. ಗ್ಯಾಲರಿ ಅವರ ಹೆಸರು ಹಿಡಿದು ಹಾಡಿತು. ಪಂದ್ಯ 4–2ರಿಂದ ಗೆದ್ದರು, ಮುಂದಿನ ವಾರ ಬೋರ್ನ್‌ಮತ್‌ನಲ್ಲಿ ಸಲಿಬಾ ಎಡಗಾಲಿನಿಂದ ಅದ್ಭುತ ಗೋಲು ಹೊಡೆದರು. ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸಲಾಗದು. ಆದರೆ ಹುಡುಗನೊಬ್ಬ ತಪ್ಪು ಮಾಡಿದ ಮರುಕ್ಷಣದಲ್ಲಿ ಮೈದಾನದಲ್ಲಿರುವ ಅರವತ್ತು ಸಾವಿರ ಜನ ಏನು ಮಾಡುತ್ತಾರೆ ಎಂಬುದು ಆಟದ ಭಾಗವೇ.

ಶನಿವಾರ ಸಂಜೆ ಇಂಗ್ಲಿಷ್ ಲೀಗ್ ನೋಡಿ, ಭಾನುವಾರ ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವವರು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ಅವರೂ ಈ ಎಲ್ಲವನ್ನೂ ತಮ್ಮ ತಂಡದಲ್ಲೇ ಅನುಭವಿಸಿದ್ದಾರೆ. 2022–23ರಲ್ಲಿ ಸೈಮನ್ ಗ್ರೇಸನ್ ಕೈಕೆಳಗೆ ಬೆಂಗಳೂರು ಎಫ್‌ಸಿ ಡುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್‌ನ ಮೊದಲರ್ಧದಲ್ಲಿ ನೆಲಕಚ್ಚಿತು, ಗ್ರೇಸನ್ ಹೋಗಲಿ ಎಂಬ ಮಾತೆದ್ದಿತು, ಲೀಗ್ ಹಂತದ ಕೊನೆಯ ಎಂಟೂ ಪಂದ್ಯ ಗೆದ್ದು ಫೈನಲ್‌ವರೆಗೆ ನಡೆಯಿತು. ಆ ಬೇಸಿಗೆಯಲ್ಲಿ ಸಂದೇಶ್ ಝಿಂಗನ್ ಗೋವಾಕ್ಕೆ ಹೋದರು. ಅನುಭವಿ ಭಾರತೀಯ ಸೆಂಟರ್ ಬ್ಯಾಕ್ ಒಬ್ಬರ ಜಾಗ ತೆರವಾಯಿತು, ಪರಾಗ್ ಶ್ರೀವಾಸ್, ರಾಬಿನ್ ಯಾದವ್ ಅವರಂಥ ಕಿರಿಯರ ಮೇಲೆ ಹೊರೆ ಬಿತ್ತು. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ 4–0ರಿಂದ ಗೆದ್ದಿತು, ಮರುದಿನ ಗ್ರೇಸನ್ ಇರಲಿಲ್ಲ. ಹೊಸ ಕೋಚ್ ಜೆರಾರ್ಡ್ ಸರಗೋಸಾ ಬಂದರೂ ಆ ವರ್ಷ ತಂಡ 12ರಲ್ಲಿ 10ನೆಯದು.

ಬದಲಾವಣೆ ಕಂಡದ್ದು 2024–25ರಲ್ಲಿ. ಕೋಚ್ ಅದೇ ಸರಗೋಸಾ. ಹಿಂದಿನ ಋತುವಿನ ಜನವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಚಿಂಗ್ಲೆನ್‌ಸನಾ ಸಿಂಗ್ ತಂಡದಲ್ಲಿ ಬೇರೂರಿದ್ದರು, 2019ರ ಐಎಸ್‌ಎಲ್ ಫೈನಲ್‌ನಲ್ಲಿ 117ನೇ ನಿಮಿಷದ ಗೋಲಿನಿಂದ ಪ್ರಶಸ್ತಿ ತಂದಿದ್ದ ರಾಹುಲ್ ಭೇಕೆ ಮುಂಬೈಯಿಂದ ಮರಳಿದ್ದರು. ಮೊದಲ ಐದು ಪಂದ್ಯಗಳಲ್ಲಿ ಬೆಂಗಳೂರು ಒಂದೂ ಗೋಲು ಬಿಟ್ಟುಕೊಡಲಿಲ್ಲ. 2021–22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಎನಿಸಿದ್ದ ರೋಷನ್ ಸಿಂಗ್, ಕ್ಲಬ್ಬಿನಲ್ಲೇ ಬೆಳೆದ ನಾಮ್ಗ್ಯಾಲ್ ಭುಟಿಯಾ, ಇಬ್ಬರ ಆಟವೂ ನಡುವೆ ಆ ಜೋಡಿ ಇದ್ದಾಗ ನೆಮ್ಮದಿಯಿಂದ ಕೂಡಿತ್ತು. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತರು.

ಆ ಋತು ಮುಗಿಯುವಾಗ ಭೇಕೆಗೆ 34. ಇಂಗ್ಲೆಂಡಿನಂತೆ ಕೆಳ ಡಿವಿಷನ್ನಿಗೆ ಬೀಳುವ ಭಯವಿಲ್ಲದೆ ಆಡಿದ ಆ ವರ್ಷಗಳಲ್ಲಿ ಎಳೆಯ ಸೆಂಟರ್ ಬ್ಯಾಕ್ ಒಬ್ಬನನ್ನು ಭೇಕೆಯ ಬದಿಯಲ್ಲಿ ಹದಿನೈದು ಪಂದ್ಯ ಆಡಿಸುವುದರಿಂದ ಕ್ಲಬ್ಬಿಗೆ ಆಗುವ ನಷ್ಟ ಅಲ್ಪ. ಭೇಕೆ ಬೂಟು ಬಿಚ್ಚಿದ ಮೇಲೆ ಅದೇ ಹುಡುಗನನ್ನು ಒಂಟಿಯಾಗಿ ನಿಲ್ಲಿಸಿದರೆ ಆಗುವ ನಷ್ಟವನ್ನು ಪಶ್ಚಿಮ ಗ್ಯಾಲರಿ ಒಮ್ಮೆ ನೋಡಿದೆ. ಮುಂದೆ ಯಾವ ಕೋಚ್ ಬಂದರೂ ಅವರನ್ನು ಅಲ್ಲಿನವರು ಮೊದಲು ಕೇಳಬೇಕಾದ್ದು ಆ ಹದಿನೈದು ಪಂದ್ಯಗಳ ಲೆಕ್ಕ.